ಚೆಲುವಯ್ಯನ ಉರುಳುಸೇವೆ

ನಂಜನಗೂಡಿನ ಬಸ್ ನಿಲ್ದಾಣದಿಂದ ದೇವಸ್ಥಾನದ ಕಡೆ ನಡೆದು ಬಂದರೆ ಎಡಗಡೆಗೆ ಒಂದು ಆಟೋ ಸ್ಟ್ಯಾಂಡ್ ಸಿಗುತ್ತದೆ. ‘ಸಾಹಸರತ್ನ ವಿಜಯಭೂಪತಿ ಆಟೋ ನಿಲ್ದಾಣ’ ಅಂತ ತಗಡಿನ ಬೋರ್ಡು. ಪಕ್ಕದಲ್ಲಿ ಮೀಸೆ ತಿರುವುತ್ತ ನಿಂತ ಸಿನಿಮಾ ಹೀರೋ ಭೂಪತಿಯ ಚಿತ್ರ. ಹತ್ತಿರ ಹೋಗಿ ನೋಡಿದರೆ ಕೆನ್ನೆಯ ಮೇಲೆ ಡಾಂಬರಿನ ಕಲೆ ಇದೆ, ಒಂದು ಕಡೆಯ ಮೀಸೆ ಅಳಿಸಿಹೋಗಿದೆ. ಡಾಂಬರು ಬಳಿದವರು ಯಾರೋ ಗೊತ್ತಿಲ್ಲ. ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಉಜ್ಜಿದವನು ಚೆಲುವಯ್ಯ. ಡಾಂಬರಿನ ಜೊತೆ ಮೀಸೆಯನ್ನೂ ಉಜ್ಜಿ ತೆಗೆದವನು ಅವನೇ. ಅವನು ಯಾವ ಕೆಲಸಕ್ಕೆ ಕೈ ಹಾಕಿದರೂ ಇಷ್ಟೇ, ಒಂದು ಸರಿ ಮಾಡಲು ಹೋಗಿ ಇನ್ನೊಂದು ಕೆಡಿಸಿಕೊಂಡು ಬರುತ್ತಾನೆ.

ಚೆಲುವಯ್ಯ ಆ ಸ್ಟ್ಯಾಂಡಿನ ಡ್ರೈವರು, ವಿಜಯಭೂಪತಿ ಅಭಿಮಾನಿ ಸಂಘದ ಅಧ್ಯಕ್ಷ, ನನ್ನ ಸೋದರತ್ತೆಯ ಮಗ. ನಾನು ರುದ್ರಾಣಿ. ದೇವಸ್ಥಾನದ ಬೀದಿಯಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟುಕೊಂಡಿದ್ದೇನೆ. ನನಗೆ ಬಾಯಿ ಜಾಸ್ತಿ ಅಂತ ಈ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ನಾನೂ ಇಲ್ಲ ಅನ್ನುವುದಿಲ್ಲ. ಆದರೆ ಚೆಲುವಯ್ಯನ ವಿಷಯವನ್ನು ಬಾಯಿಗೆ ಬಂದಂತೆ ಆಡಿಕೊಳ್ಳುವವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಂದ ಕೇಳುವುದಕ್ಕಿಂತ ನನ್ನಿಂದ ಕೇಳುವುದು ವಾಸಿ.

ನಮ್ಮ ಕಡೆ ಸೋದರತ್ತೆಗೆ ಮಗ ಇದ್ದರೆ ಹೆಣ್ಣಿಗೆ ಗಂಡು ಹುಡುಕುವ ಗೋಜಿಲ್ಲ. ನಾನು ಹುಟ್ಟಿದಾಗಲೇ ಅತ್ತೆ ಚಿಕ್ಕಬಸಮ್ಮ ತೊಟ್ಟಿಲಿಗೆ ಬಗ್ಗಿ ನೋಡಿ, ನನ್ನ ಸೊಸೆ ಬಂದಳು ಅಂದಿದ್ದರಂತೆ. ಇವನನ್ನು ಭಾವ, ಭಾವ ಅಂತ ಕರೆದುಕೊಂಡೇ ಬೆಳೆದೆ. ನನಗೆ ಇಪ್ಪತ್ತು ತುಂಬಿದ ವರ್ಷ ಅತ್ತೆ ನಮ್ಮ ಮನೆಗೆ ಬಂದು, ಹುಡುಗನಿಗೆ ಹೊಟ್ಟೆನೋವು, ಯಾವ ಡಾಕ್ಟರಿಗೂ ಗೊತ್ತಾಗುತ್ತಿಲ್ಲ, ನಂಜುಂಡೇಶ್ವರನಿಗೆ ಉರುಳುಸೇವೆ ಹರಸಿಕೊಂಡಿದ್ದೇನೆ, ವಾಸಿಯಾಗುವ ತನಕ ಮದುವೆ ಮಾತು ಬೇಡ ಅಂದರು.

ನಮ್ಮ ನಂಜುಂಡನಿಗೆ ವೈದ್ಯ ಅಂತಲೇ ಹೆಸರು. ಕಪಿಲೆಯಲ್ಲಿ ಮುಳುಗಿ, ಮೈ ಒರೆಸಿಕೊಳ್ಳದೆ, ಒದ್ದೆ ಬಟ್ಟೆಯಲ್ಲೇ ದೇವಸ್ಥಾನದ ಸುತ್ತ ಉರುಳಿದರೆ ಎಂಥ ಕಾಯಿಲೆಯೂ ಬಿಟ್ಟು ಹೋಗುತ್ತದೆ ಅಂತ ನಂಬಿಕೆ. ಚೆಲುವಯ್ಯ ಸೋಮವಾರ ಬಂತೆಂದರೆ ಉರುಳುತ್ತಿದ್ದ. ಉರುಳುವವರಿಗೆ ದಿಕ್ಕು ತಿಳಿಯುವುದಿಲ್ಲ, ಓರೆಯಾಗಿ ಹೋಗಿ ಕಂಬಕ್ಕೆ ತಲೆ ಹೊಡೆದುಕೊಳ್ಳುತ್ತಾರೆ. ಅದಕ್ಕೆ ಪಕ್ಕದಲ್ಲೇ ಒಬ್ಬರು ಬಗ್ಗಿಕೊಂಡು ನಡೆಯುತ್ತ ಅವರನ್ನು ನೇರ ಮಾಡುತ್ತಿರಬೇಕು. ಅತ್ತೆ ಹಾಗೆ ನಡೆಯುತ್ತಿದ್ದರು. ಸೊಂಟದಲ್ಲಿ ಒಂದು ಹಳದಿ ಬಟ್ಟೆಯ ಗಂಟು ಸಿಕ್ಕಿಸಿಕೊಂಡಿರುತ್ತಿದ್ದರು. ಅದು ಮುಡಿಪು. ಮಗ ಸರಿಹೋದ ದಿನ ಹುಂಡಿಗೆ ಹಾಕುತ್ತೇನೆ ಅಂತ ಹರಕೆ ಹೊತ್ತು, ಅರಿಸಿನದ ಬಟ್ಟೆಯಲ್ಲಿ ಒಂದು ಬೆಳ್ಳಿ ರೂಪಾಯಿ ಕಟ್ಟಿ ಇಟ್ಟುಕೊಂಡಿದ್ದರು.

ಸರಿಹೋಗಲಿಲ್ಲ ಅಂದರು. ನನಗೆ ಆಗಲೇ ಅನುಮಾನ. ಹೊಟ್ಟೆನೋವಿನವನು ಉರುಳಿ ಎದ್ದು ಬಂದು ಹೋಟೆಲಿನಲ್ಲಿ ಕೂತು ತಟ್ಟೆ ತುಂಬ ಬೋಂಡಾ ತಿನ್ನುತ್ತಾನೆಯೇ? ನಾನೇ ಕಣ್ಣಾರೆ ನೋಡಿದ್ದೆ, ಮೇಲೆ ಚಟ್ನಿ ಬೇರೆ ಕೇಳಿ ಹಾಕಿಸಿಕೊಂಡ. ನನ್ನ ಮುಂದಿನ ಹಲ್ಲು ಕೊಂಚ ಉಬ್ಬು. ಅದಕ್ಕೇ ನಾನು ಬೇಡವಾಗಿದ್ದೇನೆ, ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ತಾಯಿ ಮಗ ಸೇರಿ ಹೊಟ್ಟೆನೋವಿನ ನಾಟಕ ಆಡುತ್ತಿದ್ದಾರೆ ಅಂತ ತೀರ್ಮಾನ ಮಾಡಿಕೊಂಡೆ. ಫೋಟೋ ತೆಗೆಸುವಾಗ ತುಟಿ ಮುಚ್ಚಿಕೊಳ್ಳುವುದನ್ನು ಅಂದಿನಿಂದ ಕಲಿತೆ. ನಮ್ಮಪ್ಪ ಕಾಯುವಷ್ಟು ಕಾದು ನನ್ನನ್ನು ತಿ. ನರಸೀಪುರಕ್ಕೆ ಕೊಟ್ಟರು. ಗಂಡ ಒಳ್ಳೆಯವನೇ, ಕಾಮಾಲೆಯಾಗಿ ಬೇಗ ಹೋಗಿಬಿಟ್ಟ. ಮಗಳನ್ನು ಕಟ್ಟಿಕೊಂಡು ನಂಜನಗೂಡಿಗೆ ವಾಪಸು ಬಂದಾಗ ಪುರಸಭೆಗೆ ಅಲೆದಾಡಿ ಈ ಅಂಗಡಿ ಕೊಡಿಸಿದವನು ಚೆಲುವಯ್ಯ. ಇವತ್ತಿಗೂ ಬೆಳಗಾದರೆ ನನ್ನ ಬಾಳೆಗೊನೆ, ತೆಂಗಿನಕಾಯಿ ಮೂಟೆ ಅವನ ಆಟೋದಲ್ಲೇ ಬರುವುದು. ಇಷ್ಟಾದರೂ ನನಗೆ ಅವನ ಮೇಲಿನ ಸಿಟ್ಟು ಹೋಗಿರಲಿಲ್ಲ. ಕಾಯಿ ಒಡೆದಿದೆ, ಗೊನೆ ನಲುಗಿದೆ ಅಂತ ದಿನಾ ಏನಾದರೂ ಒಂದು ಅನ್ನುತ್ತಿದ್ದೆ. ಅವನು ಕೇಳಿಸಿಕೊಂಡು ಆಟೋ ತಿರುಗಿಸಿಕೊಂಡು ಹೋಗುತ್ತಿದ್ದ.

ಅವನಿಗೆ ಮದುವೆಯಾಗಲಿಲ್ಲ. ಊರಿನವರು ಮೊದಮೊದಲು ಕೇಳುತ್ತಿದ್ದರು. ಆಮೇಲೆ ಅವನಿಗೆ ಒಂದು ಉತ್ತರ ಸಿಕ್ಕಿತು. ವಿಜಯಭೂಪತಿಗೂ ಮದುವೆಯಾಗಿರಲಿಲ್ಲವಲ್ಲ, ಬಾಸ್ ಮದುವೆಯಾಗುವ ತನಕ ನಾನೂ ಆಗುವುದಿಲ್ಲ ಅಂತ ಸಂಘದ ಸಭೆಯಲ್ಲೇ ಶಪಥ ಮಾಡಿಬಿಟ್ಟ. ಅಭಿಮಾನಿಗಳು ಏನೇನೋ ಶಪಥ ಮಾಡುತ್ತಾರೆ. ಚಪ್ಪಲಿ ಹಾಕುವುದಿಲ್ಲ ಅನ್ನುತ್ತಾರೆ, ಗಡ್ಡ ತೆಗೆಯುವುದಿಲ್ಲ ಅನ್ನುತ್ತಾರೆ, ಅದರಲ್ಲಿ ಇದೂ ಒಂದು. ಜನ ನಕ್ಕು ಒಪ್ಪಿಕೊಂಡರು. ಮುಂಗೈ ಮೇಲೆ ‘ಭೂಪತಿ’ ಅಂತ ಹಚ್ಚೆ ಹಾಕಿಸಿಕೊಂಡ. ಪಿಕ್ಚರ್ ಬಿಡುಗಡೆಯಾದರೆ ಕಟೌಟಿಗೆ ಹಾಲು ಸುರಿದು ಬಂದು ಅತ್ತೆಯ ಕೈಲಿ ಬೈಸಿಕೊಳ್ಳುತ್ತಿದ್ದ. ಭೂಪತಿಗೆ ಹೃದಯದ ಆಪರೇಷನ್ ಆದಾಗ ಸಂಘದವರೆಲ್ಲ ಸೇರಿ ಉರುಳುಸೇವೆ ಮಾಡಿದರು, ಮುಂದೆ ಉರುಳಿದವನು ಇವನೇ. ಭೂಪತಿ ಗುಣವಾಗಿ, ನಂಜನಗೂಡಿಗೇ ಬಂದು, ನಿನ್ನಿಂದ ಬದುಕಿದೆ ಕಣಯ್ಯ ಅಂತ ಇವನನ್ನು ತಬ್ಬಿಕೊಂಡ. ಆ ಫೋಟೋ ಆಟೋದ ಮೀಟರಿನ ಮೇಲೆ ಇದೆ.

ಹೋದ ವರ್ಷ ದೀಪಾವಳಿ ಹತ್ತಿರ ಬಂದಾಗ ಆ ಭೂಪತಿ ಟೀವಿಯಲ್ಲಿ ಕಾಣಿಸಿಕೊಂಡ. ಅರವತ್ನಾಲ್ಕು ವಯಸ್ಸು, ಮೀಸೆಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದ. ನಾನು ಗಂಡಸನ್ನು ಪ್ರೀತಿಸಿದವನು ಅಂದ. ನನ್ನ ಮ್ಯಾನೇಜರ್ ಅಂತ ನೀವೆಲ್ಲ ನೋಡಿದ್ದಿರಲ್ಲ, ಅವನ ಜೊತೆ ಇಷ್ಟು ವರ್ಷ ಬಾಳಿದೆ, ಅವನು ತೀರಿಕೊಂಡ ದಿನ ಹೆಣದ ಮುಂದೆ ಅತ್ತರೆ ಯಾರಿಗಾದರೂ ಗೊತ್ತಾದೀತು ಅಂತ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದೆ, ಇನ್ನು ನನ್ನ ಕೈಲಿ ಆಗುವುದಿಲ್ಲ ಅಂದ.

ಅಬ್ಬಬ್ಬ, ಆಮೇಲೆ ಊರಿನ ಬಾಯಿಗೆ ಬಿಡುವೇ ಇಲ್ಲ. ಟೀ ಅಂಗಡಿಯಲ್ಲಿ ಒಬ್ಬ, ಎಲೆಕ್ಷನ್ ಟಿಕೆಟ್ಟಿಗೆ ಮಾಡಿದ ಗಿಮಿಕ್ ಅಂದ. ಇನ್ನೊಬ್ಬ ಶನಿಕಾಟ ಅಂದ. ಭೂಪತಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಅಂಗಡಿಗಳಲ್ಲಿ ತೂಗುಹಾಕಿದ್ದವರೆಲ್ಲ ಒಬ್ಬೊಬ್ಬರಾಗಿ ಇಳಿಸಿದರು. ನರಸೀಪುರದಿಂದ ನನ್ನ ನಾದಿನಿ ಫೋನು ಮಾಡಿ, ಗೂಡಿನಲ್ಲಿ ದೇವರ ಪಕ್ಕ ಇಟ್ಟಿದ್ದ ಅವನ ಕ್ಯಾಲೆಂಡರ್ ತೆಗೆದು ಒಲೆಗೆ ಹಾಕಿದೆ ಅಂದಳು. ಅದೇ ದಿನ ನನ್ನ ಅಂಗಡಿಗೆ ಹೂವು ತರುವ ಸಾಕಮ್ಮ ಮಾತ್ರ, ಪಾಪ, ಹೆಣದ ಮುಂದೆ ಅಳುವುದಕ್ಕೂ ಆಗಲಿಲ್ಲವಲ್ಲ ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಿಜ ಹೇಳಬೇಕೆಂದರೆ ನನಗೂ ಪಾಪ ಅನ್ನಿಸಿತ್ತು. ಗಂಡ ಸತ್ತಾಗ ಬೀದಿಗೆಲ್ಲ ಕೇಳುವ ಹಾಗೆ ಅತ್ತವಳು ನಾನು.

ಬೋರ್ಡಿಗೆ ಡಾಂಬರು ಬಿದ್ದದ್ದು ಆ ವಾರ. ಚೆಲುವಯ್ಯ ತಾನೇ ಕೂತು ಉಜ್ಜಿದ. ಉಜ್ಜುತ್ತಿದ್ದರೆ ಬಸ್ಸಿನಿಂದ ಇಳಿದವರು ನಿಂತು, ‘ಏನ್ ಅಧ್ಯಕ್ಷ್ರೆ, ಬಾಸ್ ಮದ್ವೆ ಆಗಗಂಟ ಆಗಕಿಲ್ಲ ಅಂದಿದ್ರಿ, ಈಗೇನ್ ಮಾಡ್ತೀರಿ?’ ಅಂತ ಕೇಳಿ ನಗುತ್ತಿದ್ದರು. ಅವರಿಗೆ ಅದು ತಮಾಷೆ. ಇವನು ಮಾತ್ರ ಅವತ್ತಿನಿಂದ ಮುಂಗೈ ಮುಚ್ಚುವ ತುಂಬುತೋಳಿನ ಅಂಗಿ ಹಾಕಿಕೊಳ್ಳಲು ಶುರುಮಾಡಿದ.

ಸಂಘದವರು ಸಭೆ ಸೇರಿದರು. ಬೋರ್ಡು ಕಿತ್ತು ಹೊಸ ಹೀರೋ ಹೆಸರು ಹಾಕೋಣ ಅಂದವರೇ ಹೆಚ್ಚು. ಆಗ ಕಾರ್ಯದರ್ಶಿ ನಿಂಗರಾಜು ಎದ್ದುನಿಂತ. ಅವನು ಕೆಟ್ಟವನಲ್ಲ, ಭೂಪತಿಯ ಮೇಲೆ ಪ್ರಾಣ. ಹೃದಯದ ಆಪರೇಷನ್ನಿಗೆ ಉರುಳಿದೆವು, ಗುಣವಾಯಿತು. ಇದಕ್ಕೂ ಉರುಳೋಣ, ನಮ್ಮ ನಂಜುಂಡನಿಗಿಂತ ದೊಡ್ಡ ಡಾಕ್ಟರು ಎಲ್ಲಿದ್ದಾನೆ ಅಂದ. ಕಷ್ಟದಲ್ಲಿರುವ ಮನೆಯವರನ್ನು ಯಾರಾದರೂ ಬೀದಿಗೆ ಹಾಕುತ್ತಾರೆಯೇ ಅಂತ ಕೇಳಿದ. ಎಲ್ಲರೂ ಮೆತ್ತಗಾದರು. ಕಾರ್ತಿಕ ಸೋಮವಾರ ಉರುಳುವುದು, ಉರುಳಿದರೆ ಬೋರ್ಡು ಉಳಿಯುವುದು ಅಂತ ನಿಶ್ಚಯವಾಯಿತು. ಮುಂದೆ ಉರುಳುವವನು ಯಾರು ಅಂದರೆ ಅಧ್ಯಕ್ಷ. ಅಧ್ಯಕ್ಷನನ್ನು ಯಾರೂ ಕೇಳಲಿಲ್ಲ. ಆಪರೇಷನ್ ಆದಾಗ ಮಾಡಿಸಿದ್ದ ‘ಶೀಘ್ರ ಗುಣಮುಖರಾಗಲಿ’ ಫ್ಲೆಕ್ಸು ನಿಂಗರಾಜುವಿನ ಅಟ್ಟದಲ್ಲಿ ಹಾಗೇ ಇತ್ತು, ಅದನ್ನೇ ಒರೆಸಿ ಕಟ್ಟಿದರು.

ಭಾನುವಾರ ಸಂಜೆ ನಾನು ಮಾರನೆಯ ದಿನದ ಹಣ್ಣುಕಾಯಿ ಕೊಡಲು ಅತ್ತೆಯ ಮನೆಗೆ ಹೋದೆ. ಅತ್ತೆ ಒಳಗೆ ರೊಟ್ಟಿ ತಟ್ಟುತ್ತಿದ್ದರು. ಚೆಲುವಯ್ಯ ಹಿತ್ತಲಲ್ಲಿ ಪಂಚೆ ಒಗೆಯುತ್ತಿದ್ದ. ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದ. ಮುಖ ನೋಡಿ ನನಗೆ ರೇಗಿತು. ನಿನ್ನ ಬಾಸಿಗೆ ತಾನೆ, ನಿನಗೇನು ಉರುಳುವುದು ಹೊಸದೇ, ಅದಕ್ಕೇಕೆ ಹೀಗೆ ಮುಖ ಇಳಿಬಿಟ್ಟುಕೊಂಡಿದ್ದೀಯ ಅಂದೆ.

ಅವನು ಪಂಚೆ ಕಲ್ಲಿನ ಮೇಲೆ ಬಿಟ್ಟು, ‘ಅಮ್ಮಿ, ಆಗ ಉರುಳ್ತಿದ್ನಲ್ಲ, ಅದು ಒಟ್ಟೆನೋವ್ಗಲ್ಲ ಕಣಮ್ಮಿ’ ಅಂದ.

‘ಗೊತ್ತು ಬುಡು ಭಾವ. ನನ್ ಅಲ್ಲುಬ್ಬು ಅಂತ’ ಅಂದೆ. ಮೂವತ್ತು ವರ್ಷದಿಂದ ಗಂಟಲಲ್ಲಿ ಇದ್ದದ್ದು ಪುಸಕ್ಕನೆ ಬಂದುಬಿಟ್ಟಿತು.

ಅವನು ಬಾಯಿಬಿಟ್ಟುಕೊಂಡು ನನ್ನನ್ನೇ ನೋಡಿದ. ‘ನಿನ್ ಅಲ್ಗೇನಾಗದೆ? ಚೆನ್ನಾಗೇ ಅವೆ’ ಅಂದ. ಆಮೇಲೆ ತಲೆ ತಗ್ಗಿಸಿದ. ‘ಭೂಪತಿ ಟೀವಿಲಿ ಏಳುದ್ನಲ್ಲ, ನಂದೂ ಅದೇ ಕಣಮ್ಮಿ. ಅವ್ವಂಗೆ ಆಗ್ಲೇ ಏಳಿದ್ದೆ. ಅದು ಓಗ್ಲಿ ಅಂತ್ಲೇ ಅವ್ವ ಉರುಳ್ಸುದ್ದು.’

ನನಗೆ ಮೊದಲು ಬಂದದ್ದು ಸಿಟ್ಟು. ಮೂವತ್ತು ವರ್ಷ ತುಟಿ ಮುಚ್ಚಿಕೊಂಡು ಫೋಟೋ ತೆಗೆಸಿಕೊಂಡೆನಲ್ಲೋ ಪುಣ್ಯಾತ್ಮ, ಆಗಲೇ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂತ ಬೈದೆ. ಬೈಯುತ್ತ ಬೈಯುತ್ತಲೇ ಅಳು ಬಂತು. ಅವನು ಸೋಮವಾರ ಸೋಮವಾರ ಆ ಕಲ್ಲುಚಪ್ಪಡಿಯ ಮೇಲೆ ಮಂಡಿ ತರಚಿಕೊಂಡು ಉರುಳಿದ್ದನ್ನು ನಾನೇ ನೋಡಿದ್ದೆನಲ್ಲ. ಯಾವ ತಪ್ಪಿಗೆ ಅಂತ ಈಗ ಯೋಚಿಸಿದರೆ ಯಾವುದೂ ಕಾಣಲಿಲ್ಲ.

ನಾಳೆ ಏನು ಮಾಡುತ್ತೀಯ ಅಂತ ಕೇಳಿದೆ.

‘ಉರುಳುದ್ರೆ ಇದು ಕಾಯ್ಲೆ ಅಂತ ನಾನೇ ದ್ಯಾವ್ರ ಮುಂದೆ ಒಪ್ಕಂಡಂಗೆ. ಉರುಳ್ದಿದ್ರೆ ಯಾಕೆ ಅಂತಾರೆ. ಏನೇಳ್ಲಿ ರುದ್ರಿ?’

ಹೊಟ್ಟೆನೋವು ಅನ್ನು ಅಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಅವನು ಅತ್ತ. ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತ್ತು ಅನ್ನುವುದನ್ನು ನಾನು ಆಮೇಲೆ ಗಮನಿಸಿದೆ.

ಸೋಮವಾರ ಬೆಳಿಗ್ಗೆ ಜನವೋ ಜನ. ಕಾರ್ತಿಕದ ವ್ಯಾಪಾರ ಬಿಟ್ಟು ಅಂಗಡಿಗೆ ಗೋಣಿಪಟ್ಟೆ ಎಳೆದು ಹೊರಟವಳು ಬೀದಿಯಲ್ಲಿ ನಾನೊಬ್ಬಳೇ. ಸ್ನಾನಘಟ್ಟದಲ್ಲಿ ಚೆಲುವಯ್ಯ, ನಿಂಗರಾಜು, ಇನ್ನೂ ಕೆಲವರು ಮುಳುಗಿ ಎದ್ದು, ನೀರು ಸೋರುವ ಪಂಚೆಯಲ್ಲೇ ಮೇಲೆ ಬಂದರು. ಮುಂಗೈ ಮೇಲಿನ ಹಚ್ಚೆ ಕಾಣುತ್ತಿತ್ತು. ಅತ್ತೆ ನನ್ನ ತೋಳು ಹಿಡಿದುಕೊಂಡು ನಿಧಾನಕ್ಕೆ ನಡೆಯುತ್ತಿದ್ದರು. ಎಂಬತ್ತು ದಾಟಿದ ಜೀವ. ಸೊಂಟದಲ್ಲಿ ಅದೇ ಹಳದಿ ಗಂಟು ಇತ್ತು. ಅದನ್ನು ನೋಡಿ ನನಗೆ ಅತ್ತೆಯ ಮೇಲೆ ಕೋಪ ಉಕ್ಕಿತು. ಇನ್ನೂ ಆಸೆ ಬಿಟ್ಟಿಲ್ಲವಲ್ಲ ಈ ಮುದುಕಿ ಅಂದುಕೊಂಡೆ, ಆದರೆ ತೋಳು ಬಿಡಿಸಿಕೊಳ್ಳಲಿಲ್ಲ.

ಧ್ವಜಸ್ತಂಭದ ಹತ್ತಿರ ಅರ್ಚಕರು ಅಕ್ಷತೆ ಹಿಡಿದು ನಿಂತಿದ್ದರು. ಉರುಳುವ ಮೊದಲು ಯಾರ ಹೆಸರಿಗೆ, ಯಾತಕ್ಕೆ ಅಂತ ಬಾಯಿಬಿಟ್ಟು ಹೇಳಬೇಕು, ಆಗ ಅವರು ಸಂಕಲ್ಪ ಮಾಡಿಸುತ್ತಾರೆ. ನಿಂಗರಾಜು ಮುಂದೆ ಬಂದು, ವಿಜಯಭೂಪತಿಯವರ ಹೆಸರಿಗೆ, ಬೇಗ ಗುಣವಾಗಲಿ ಅಂತ ಅಂದ. ಏನು ಕಾಯಿಲೆ ಅಂತ ಅರ್ಚಕರು ಕೇಳಿದರು. ದೇವಸ್ಥಾನದ ಒಳಗೆ ಆ ಮಾತು ಹೇಗೆ ಆಡುವುದು ಅಂತ ನಿಂಗರಾಜು ತಡವರಿಸಿದ. ತಲೆ ಕೆರೆದುಕೊಂಡು ಹಿಂದಕ್ಕೆ ಸರಿದ.

‘ಅಧ್ಯಕ್ಷ್ರೆ, ನೀವೇ ಏಳಿ’ ಅಂದ.

ಚೆಲುವಯ್ಯ ಕೈಮುಗಿದುಕೊಂಡು ನಿಂತಿದ್ದ. ಅವನು ಹೊಟ್ಟೆನೋವು ಅಂದರೂ ಸಾಕು ಅಂತ ನಾನು ಮನಸ್ಸಿನಲ್ಲೇ ನಂಜುಂಡನಿಗೆ ಮೊರೆ ಇಟ್ಟೆ.

‘ಕಾಯ್ಲೆ ಏನಿಲ್ಲ ಸ್ವಾಮಿ’ ಅಂದ.

ನಿಂಗರಾಜು ಅವನ ಪಂಚೆ ಜಗ್ಗಿ, ಹಾಗಾದರೆ ಆಪರೇಷನ್ನಿಗೆ ಉರುಳಿದ್ದೇಕೆ ಅಂತ ಪಿಸುಗುಟ್ಟಿದ. ಅದು ಕಾಯಿಲೆ, ಇದು ಕಾಯಿಲೆಯಲ್ಲ ಅಂದ ಇವನು.

‘ನಿಮ್ಗೆಂಗಣ್ಣ ಗೊತ್ತು?’ ಅಂದ ನಿಂಗರಾಜು. ಅವನ ಮಾತಿನಲ್ಲಿ ಕುಹಕ ಇರಲಿಲ್ಲ, ನಿಜವಾಗಿ ತಿಳಿಯದೆ ಕೇಳಿದ.

ಚೆಲುವಯ್ಯ ಅವನ ಕಡೆ ತಿರುಗಿದ. ‘ಯಾಕಂದ್ರೆ ನಾನೂ ಅಂಗೇ ಕಣ್ಲಾ ನಿಂಗ. ನನ್ನೂ ಇಲ್ಲೇ ಉರುಳ್ಸುದ್ರು. ಒಟ್ಟೆನೋವು ಅಂತ ಊರ್ಗೆಲ್ಲ ಏಳಿ ಉರುಳ್ಸುದ್ರು. ಮಂಡಿ ಕಿತ್ತೋಯ್ತು, ಇದು ಓಗ್ಲಿಲ್ಲ. ಕಾಯ್ಲೆ ಆಗಿದ್ರೆ ನಮ್ ನಂಜುಂಡ ವಾಸಿ ಮಾಡ್ದೆ ಬುಡ್ತಿದ್ನಾ?’

ಜೊತೆಗೆ ಮುಳುಗಿ ಬಂದಿದ್ದವರಲ್ಲಿ ಒಬ್ಬ ಹಾಗೇ ಹೊರಗೆ ನಡೆದುಬಿಟ್ಟ. ಅವನೂ ಅವನ ಜೊತೆಯ ಇನ್ನಿಬ್ಬರೂ ಈಗ ಬೇರೆ ಸ್ಟ್ಯಾಂಡಿನಲ್ಲಿ ಆಟೋ ನಿಲ್ಲಿಸುತ್ತಾರೆ. ಒಬ್ಬ ಫೋನು ಎತ್ತಿ ಹಿಡಿದುಕೊಂಡೇ ಇದ್ದ. ಇಳಿಸೋ, ಇಲ್ಲದಿದ್ದರೆ ಕೈಲಿರುವ ಈ ತೆಂಗಿನಕಾಯಿ ನಿನ್ನ ತಲೆಯ ಮೇಲೆ ಒಡೆಯುತ್ತೇನೆ ಅಂದೆ, ಇಳಿಸಿದ. ನಿಂಗರಾಜು ಮಾತ್ರ ನೀರು ಸೋರಿಸಿಕೊಂಡು ನಿಂತೇ ಇದ್ದ. ಅವನ ಮುಖದಲ್ಲಿ ಏನೇನೋ ಬಂದು ಹೋದವು. ಕೊನೆಗೆ ಒಂದು ಹೆಜ್ಜೆ ಚೆಲುವಯ್ಯನ ಹತ್ತಿರಕ್ಕೆ ಬಂದು, ಅವನ ಪಕ್ಕಕ್ಕೇ ನಿಂತುಕೊಂಡ. ನಾನು ಅವನನ್ನು ಅವತ್ತಿನಿಂದ ಇಷ್ಟಪಡುತ್ತೇನೆ.

ಅರ್ಚಕರು ವಯಸ್ಸಾದವರು, ಇವರ ಮಾತೆಲ್ಲ ಕೇಳಿಸಿಕೊಂಡೂ ಗದರಲಿಲ್ಲ. ಕಪಿಲೆಯಲ್ಲಿ ಮುಳುಗಿ ಇಲ್ಲಿಯವರೆಗೆ ಬಂದ ಮೇಲೆ ಏನೂ ಒಪ್ಪಿಸದೆ ವಾಪಸು ಹೋಗುವ ಹಾಗಿಲ್ಲ, ಯಾವುದಾದರೂ ಒಂದು ಸಂಕಲ್ಪ ಹೇಳಿ ಅಂದರು. ಚೆಲುವಯ್ಯನ ಶಕ್ತಿಯೆಲ್ಲ ಆ ಒಂದು ಮಾತಿಗೇ ಮುಗಿದುಹೋಗಿತ್ತು.

ಆಗ ಅತ್ತೆ ನನ್ನ ತೋಳು ಬಿಟ್ಟರು.

‘ನಾನೇಳ್ತೀನಿ ಸ್ವಾಮಿ’ ಅಂದರು. ‘ನನ್ನೆಸ್ರಿಗೆ ಮಾಡಿ. ತಪ್ಪುಕಾಣ್ಕೆ.’

ತಿಳಿದೋ ತಿಳಿಯದೆಯೋ ದೇವರಿಗೆ ತಪ್ಪು ನಡೆದುಕೊಂಡಿದ್ದರೆ, ತಪ್ಪಾಯಿತು ಅಂತ ಒಪ್ಪಿಕೊಂಡು ಹಾಕುವುದು ತಪ್ಪುಕಾಣಿಕೆ. ಅರ್ಚಕರು ಸಂಕಲ್ಪ ಹೇಳಿ ಅಕ್ಷತೆ ಹಾಕಿದರು. ಅತ್ತೆ ಸೊಂಟದಿಂದ ಆ ಹಳದಿ ಗಂಟು ತೆಗೆದರು. ಹುಂಡಿ ಆ ಕಡೆ ಇದೆ, ಹಾಕಿ ಬಾರಮ್ಮ ಅಂತ ಅರ್ಚಕರು ಕೈ ತೋರಿಸಿದರು. ಅತ್ತೆ ಆ ಕಡೆ ತಿರುಗಲಿಲ್ಲ.

‘ನಾನು ತಪ್ಪು ಮಾಡಿರದು ದ್ಯಾವ್ರಿಗಲ್ಲ ಸ್ವಾಮಿ’ ಅಂದರು.

ಮಗನ ಒದ್ದೆ ಅಂಗೈ ಬಿಡಿಸಿ ಗಂಟನ್ನು ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. ನೀರು ಸೋಕಿ ಹಳೆಯ ಅರಿಸಿನ ಬಿಟ್ಟುಕೊಂಡು ಅವನ ಬೆರಳ ಸಂದಿಯಲ್ಲಿ ಹಳದಿಯಾಗಿ ಇಳಿಯಿತು. ಐವತ್ತಾರು ವರ್ಷದ ಗಂಡಸು ನೆಲಕ್ಕೆ ಕುಸಿದು ತಾಯಿಯ ಕಾಲು ಹಿಡಿದುಕೊಂಡ. ಅತ್ತೆ ಸೆರಗು ತೆಗೆದು, ಅವನ ತಲೆ, ಬೆನ್ನು, ತೋಳು ಎಲ್ಲ ಒರೆಸಲು ಶುರುಮಾಡಿದರು.

‘ಸಾಕು ಏಳು ಮಗ’ ಅಂದರು. ‘ಇನ್ ಉರುಳ್ಬ್ಯಾಡ.’